ಎರಡೂವರೆ ಮುಚ್ಚಳ

ಜನವರಿ 9

ತಮ್ಮಯ್ಯನಿಗೆ ಅಕ್ಕ ಬರೆಯುವುದು.

ಫೋನು ಮಾಡಿದರೆ "ಹೂಂ ಅಕ್ಕ, ಆಮೇಲೆ ಮಾಡ್ತೀನಿ" ಎನ್ನುತ್ತೀ. ನಿನ್ನ ಆ ಆಮೇಲೆ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ಮುಂದೆ ಹೂಂಗುಟ್ಟಿ ತಪ್ಪಿಸಿಕೊಳ್ಳಲಾಗುವುದಿಲ್ಲ, ಓದಲೇಬೇಕು.

ಮೊದಲು ಸಂತೋಷದ ಸುದ್ದಿ. ಹದಿನಾರು ವರ್ಷ ಆಸ್ಪತ್ರೆಯ ನೆಲ ಒರೆಸಿದ ಮೇಲೆ ನನಗೆ ನೀಲಿ ಕೋಟು ಬಂದಿದೆ. ಮಕ್ಕಳ ವಾರ್ಡಿನ ಶುಚಿ ಕೆಲಸದ ಉಸ್ತುವಾರಿ ಇನ್ನು ನನ್ನದು. ಕೈಕೆಳಗೆ ಏಳು ಜನ. ಅವರಲ್ಲಿ ಹಿರಿಯರು ಮೀಸೆಯಣ್ಣ. ನಿನಗೆ ಹೇಳಿದ್ದೆನಲ್ಲ, ಒಂದು ಕೈಯಲ್ಲಿ ಮೀಸೆ ತಿರುವಿಕೊಂಡೇ ಇನ್ನೊಂದು ಕೈಯಲ್ಲಿ ನೆಲ ಒರೆಸುವವರು. ನಿವೃತ್ತಿಗೆ ಇನ್ನು ಆರೇ ತಿಂಗಳು. ಕೋಟು ಅವರಿಗೇ ಬರಬೇಕಿತ್ತು, ಅವರಿಗೆ ಓದು ಬರಹ ಬಾರದೆಂದು ನನಗೆ ಬಂತು. "ಕೋಟು ನಿನ್ಗಿರ್ಲಿ ತಾಯಿ, ನನಗೆ ಮೀಸೆ ಇದೆಯಲ್ಲ" ಎಂದು ನಕ್ಕುಬಿಟ್ಟರು.

ಎರಡನೆಯ ಸುದ್ದಿ, ಫಿನಾಯಿಲು ಹೋಯಿತು. ಎಳೆ ಮಕ್ಕಳ ಎದೆಗೆ ಆ ವಾಸನೆ ಒಳ್ಳೆಯದಲ್ಲವಂತೆ. ಈಗ ಕ್ಯಾನುಗಳಲ್ಲಿ ಹೊಸ ಔಷಧಿ ಬರುತ್ತದೆ. ಒಂದು ಬಕೆಟ್ಟು ನೀರಿಗೆ ಎರಡೂವರೆ ಮುಚ್ಚಳ. ನೆಲ, ತೊಟ್ಟಿಲ ಕಂಬಿ, ಬಾಗಿಲ ಹಿಡಿಕೆ ಎಲ್ಲಕ್ಕೂ ಅದೇ. ಮೀಸೆಯಣ್ಣ ಸುರಿಯುವಾಗ ಗಟ್ಟಿಯಾಗಿ ಎಣಿಸುತ್ತಾರೆ: "ಒಂದು... ಎರಡು... ಮತ್ತೆ ಅರ್ಧ!" ಇಡೀ ವಾರ್ಡಿಗೆ ಕೇಳಿಸುತ್ತದೆ.

ಇನ್ನೊಂದು ಕೆಲಸ ನಿನ್ನಿಂದ ಆಗಬೇಕು. ಕೈಗೆ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ ಎಂದರೆ ನಮ್ಮವರು ಮೂಗು ಮುರಿಯುತ್ತಾರೆ. "ಕಣ್ಣಿಗೇ ಕಾಣದ ವೈರಸ್ಸಿಗೆ ಸೋಪೇನು ಮಾಡುತ್ತೆ, ಗುದ್ದುತ್ತಾ?" ಎಂದು ಕೇಳುತ್ತಾರೆ. ಸೋಪು, ಶಾಂಪೂಗಳನ್ನು ವೈರಸ್ಸಿನ ಮೇಲೆ ಹಾಕಿ ಪರೀಕ್ಷೆ ಮಾಡುವುದೇ ನಿನ್ನ ಲ್ಯಾಬಿನ ಕೆಲಸವಲ್ಲವೇ? ನಮಗೆ ತಿಳಿಯುವ ಹಾಗೆ ಬರೆದು ಕಳಿಸು. ಎಲ್ಲರಿಗೂ ಓದಿ ಹೇಳುತ್ತೇನೆ. ಜಾಗ ಮುಗಿಯಿತು, ಹಿಂದಕ್ಕೆ ತಿರುಗಿಸು.

ಮುಖ್ಯವಾದ ಮಾತು ಇದು. ಈ ಹೊಸ ಔಷಧಿ ನೀರಿಗೆ ಬಿದ್ದರೆ ಬಣ್ಣವಿಲ್ಲ, ನೊರೆಯಿಲ್ಲ. ಫಿನಾಯಿಲು ಹಾಕಿದ ತಕ್ಷಣ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು, ನೋಡಿದವರಿಗೂ ನಂಬಿಕೆ ಬರುತ್ತಿತ್ತು. ಈಗ ಮಕ್ಕಳ ತಾಯಂದಿರು ನನ್ನನ್ನೇ ಗದರುತ್ತಾರೆ. "ಬರೀ ನೀರಲ್ಲಿ ಒರೆಸಿ ಹೋಗ್ತೀರಲ್ಲ, ನಿಮ್ಮ ಮಕ್ಕಳಾಗಿದ್ರೆ ಹೀಗೆ ಮಾಡ್ತಿದ್ರಾ?" ಎಂದು ಒಬ್ಬಳು ಕೇಳಿದಳು. ಬಕೆಟ್ಟಿಗೆ ಅರ್ಧ ಹಿಡಿ ಸೋಪಿನ ಪುಡಿಯನ್ನೂ ಸೇರಿಸಿದರೆ ಏನಾದರೂ ತಪ್ಪಿದೆಯೇ? ನೀನು ಹಾಕು ಎಂದರೆ ಹಾಕುತ್ತೇನೆ, ಬೇಡ ಎಂದರೆ ಬಿಡುತ್ತೇನೆ.

ನಿನ್ನ ಅಕ್ಕ

*

ಜನವರಿ 20

ಅಕ್ಕನಿಗೆ ನಮಸ್ಕಾರಗಳು.

ನೀಲಿ ಕೋಟಿಗೆ ಅಭಿನಂದನೆ. ನಿನ್ನ ಕಾಗದ ಬಂದ ದಿನವೇ ನಮ್ಮ ಕಂಪನಿಯ ಸಭೆಯಲ್ಲಿ ಇದೇ ವಿಷಯದ ಬಗ್ಗೆ ನನ್ನ ಭಾಷಣವಿತ್ತು. ಚಪ್ಪಾಳೆ ಜೋರಾಗಿಯೇ ಬಿತ್ತು ಎನ್ನಬೇಕು. ಅಲ್ಲಿ ಹೇಳಿದ್ದನ್ನೇ ಸರಳ ಮಾಡಿ ಬರೆಯುತ್ತಿದ್ದೇನೆ.

ವೈರಸ್ಸು ಎಂದರೆ ಒಂದು ಸಣ್ಣ ಗಂಟು. ಒಳಗೆ ತನ್ನಂಥವೇ ಇನ್ನಷ್ಟನ್ನು ಮಾಡಿಸಿಕೊಳ್ಳುವ ಅಪ್ಪಣೆ ಚೀಟಿ, ಹೊರಗೆ ಹೊದಿಕೆ. ಫ್ಲೂ ಜ್ವರ, ಮಕ್ಕಳ ಎದೆಗಿಳಿಯುವ ಕೆಮ್ಮು ಮುಂತಾದವನ್ನು ತರುವ ಹಲವು ವೈರಸ್ಸುಗಳ ಮೇಲಿನ ಹೊದಿಕೆ ಕೊಬ್ಬಿನದು. ಇನ್ನು ಸೋಪು. ಅದರ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರಾಣ. ಬಾಲಕ್ಕೆ ನೀರು ಕಂಡರಾಗದು, ಜಿಡ್ಡು ಕಂಡರೆ ಓಡಿಹೋಗಿ ಸೇರಿಕೊಳ್ಳುತ್ತದೆ. ಎಣ್ಣೆ ಬಾಣಲೆ ತೊಳೆಯುವಾಗ ನಡೆಯುವುದೂ ಇದೇ. ಕೈಯಲ್ಲಿ ವೈರಸ್ಸು ಇದ್ದರೆ ಸೋಪಿನ ಬಾಲಗಳು ಅದರ ಕೊಬ್ಬಿನ ಹೊದಿಕೆಯೊಳಗೆ ಬೆಣೆ ಹೊಡೆದಂತೆ ನುಗ್ಗುತ್ತವೆ, ತಲೆಗಳು ನೀರಿನ ಕಡೆಗೆ ಎಳೆಯುತ್ತವೆ. ಹೊದಿಕೆ ಚಿಂದಿಯಾಗಿ ಒಳಗಿನದೆಲ್ಲ ಚೆಲ್ಲಿಹೋಗುತ್ತದೆ. ಸೋಪು ಗುದ್ದುವುದಿಲ್ಲ, ಬಟ್ಟೆ ಬಿಚ್ಚುತ್ತದೆ ಎಂದು ನಿಮ್ಮವರಿಗೆ ಹೇಳು. ಹೊದಿಕೆ ಕಳೆದುಕೊಂಡ ವೈರಸ್ಸಿಗೆ ಯಾರ ಮೈಯೊಳಗೂ ಜಾಗವಿಲ್ಲ.

ಕೊಬ್ಬಿನ ಹೊದಿಕೆ ಇಲ್ಲದ ವೈರಸ್ಸುಗಳೂ ಇವೆ. ಅವು ಸೋಪಿಗೆ ಸುಲಭವಾಗಿ ಒಡೆಯುವುದಿಲ್ಲ. ಆದರೆ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದರೆ ಜಾರಿ ಹೋಗುತ್ತವೆ. ಹೇಗೂ ಇಪ್ಪತ್ತು ಎಣಿಸುವವರೆಗೆ ಉಜ್ಜಬೇಕು.

ಒಟ್ಟಿನಲ್ಲಿ ಸೋಪಿನ ವಿಷಯದಲ್ಲಿ ನಿನಗೆ ಯಾವ ಅನುಮಾನವೂ ಬೇಡ. ಕಣ್ಣು ಮುಚ್ಚಿ, ಧಾರಾಳವಾಗಿ ಬಳಸು. ಸೋಪಿನಿಂದ ಕೆಟ್ಟವರು ಯಾರೂ ಇಲ್ಲ.

ನಿನ್ನ ತಮ್ಮ

*

ಫೆಬ್ರವರಿ 2

ತಮ್ಮಯ್ಯಾ,

ಬರೆದರೆ ಹೀಗೆ ಬರೆಯಬೇಕು! ನಿನ್ನ ಕಾಗದವನ್ನು ಸಾಮಾನಿನ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಓದಿದೆ. ಬಟ್ಟೆ ಬಿಚ್ಚುತ್ತದೆ ಎಂದಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಈಗ ಯಾರಿಗೂ ಎರಡು ಸಲ ಹೇಳಬೇಕಾಗಿಲ್ಲ, ಕೈ ತೊಳೆದು ತೊಳೆದು ನಲ್ಲಿಯೇ ಸವೆಯುತ್ತಿದೆ. ನಿನಗೆ "ಸೋಪಿನ ಡಾಕ್ಟ್ರು" ಎಂದು ಹೆಸರಿಟ್ಟಿದ್ದಾರೆ. ಕಾಗದವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದೇನೆ.

ನೀನು ಧಾರಾಳವಾಗಿ ಎಂದು ಬರೆದಿದ್ದು ನನಗೆ ಎಷ್ಟು ಬಲ ಕೊಟ್ಟಿತು ಗೊತ್ತೇ? ಮರುದಿನದಿಂದಲೇ ಬಕೆಟ್ಟಿಗೆ ಅರ್ಧ ಹಿಡಿ ಪುಡಿ ಬೀಳುತ್ತಿದೆ. ಮೀಸೆಯಣ್ಣ ಸ್ವಲ್ಪ ರಾಗ ಎಳೆದರು. "ನನಗೆ ಕೊಟ್ಟಿರೋದು ಒಂದು ಕ್ಯಾನು, ಒಂದು ಮುಚ್ಚಳ. ಮಧ್ಯದಲ್ಲಿ ಈ ಪುಡಿ ಯಾಕೆ ತಾಯಿ? ಕೊಟ್ಟವ್ರು ಹೇಳಿಲ್ವಲ್ಲ" ಎಂದರು. ನಾನು ಗೋಡೆಯ ಕಡೆ ಕೈ ತೋರಿಸಿದೆ. "ಓದಿದವನು ಹೇಳ್ತಿದಾನೆ ಮೀಸೆಯಣ್ಣ. ನಾವು ನೀವು ಹೆಚ್ಚೋ, ಅವನು ಹೆಚ್ಚೋ?" ಎಂದೆ. ಅವರು ಎರಡೂವರೆ ಎಣಿಸುತ್ತಾರೆ, ಹಿಂದೆಯೇ ನಾನು ಪುಡಿ ಹಾಕುತ್ತೇನೆ. ನೀರು ಮೊದಲು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಥೇಟ್ ಹಳೆಯ ಫಿನಾಯಿಲಿನ ಹಾಗೆ. ಆಮೇಲೆ ನೊರೆ. ತಾಯಂದಿರಿಗೂ ಸಮಾಧಾನವಾಗಿದೆ. ಮೊನ್ನೆ ಗದರಿದವಳೇ ಇವತ್ತು "ಈಗ ಕ್ಲೀನಾಯ್ತು ನೋಡಿ" ಎಂದಳು.

ಚಿಕ್ಕವನಿದ್ದಾಗ ಕೈ ತೊಳೆ ಎಂದರೆ ಮಂಚದ ಕೆಳಗೆ ಸೇರುತ್ತಿದ್ದವನು ನೀನು. ಈಗ ಒಂದು ವಾರ್ಡಿಗೇ ಕೈ ತೊಳೆಯುವುದನ್ನು ಕಲಿಸಿದೆ. ನನಗೆ ಹೆಮ್ಮೆ ಕಣೋ. ಹೇಳಿಬಿಟ್ಟೆ, ತಲೆಗೇರಿಸಿಕೊಳ್ಳಬೇಡ.

ನಿನ್ನ ಅಕ್ಕ

*

ಫೆಬ್ರವರಿ 16

ಅಕ್ಕ,

ಕಾಗದ ತಲುಪಿತು. ಕೆಲಸದ ಒತ್ತಡ, ಉತ್ತರ ತಡವಾಯಿತು.

ಒಂದು ಮಾತು. ಬಕೆಟ್ಟಿಗೆ ಸೋಪಿನ ಪುಡಿ ಅಷ್ಟೇನೂ ಅಗತ್ಯವಿಲ್ಲ ಎಂದು ನನಗನ್ನಿಸುತ್ತದೆ. ಕ್ಯಾನಿನ ಔಷಧಿ ತಾನಾಗಿಯೇ ಸಾಕಾಗುತ್ತದೆ. ಸುಮ್ಮನೆ ಪುಡಿ ದಂಡ ಏಕೆ? ಸಾಧ್ಯವಾದರೆ ನಿಲ್ಲಿಸು. ಗೋಡೆಯ ಮೇಲೆ ನನ್ನ ಕಾಗದ ಏಕೆ, ಅದನ್ನೂ ತೆಗೆದುಬಿಡು. ಅಂಥದ್ದೇನೂ ಅದರಲ್ಲಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ನಿನ್ನ ಹಳೆಯ ಮಂಡಿ ನೋವಿಗೆ ಮುಲಾಮು ಹಚ್ಚಿಕೋ.

ತಮ್ಮ

*

ಮಾರ್ಚ್ 5

ತಮ್ಮಯ್ಯಾ,

ಪುಡಿ ದಂಡ ಎಂದು ಬರೆದಿದ್ದೀಯಲ್ಲ, ನೀನು ಯಾವಾಗಿನಿಂದ ಇಷ್ಟು ಜುಗ್ಗನಾದೆ? ಆ ಪುಡಿ ಆಸ್ಪತ್ರೆಯದಲ್ಲ, ನನ್ನ ಮನೆಯ ಡಬ್ಬಿಯದು. ನಾಲ್ಕು ತಾಯಂದಿರಿಗೆ ನೆಮ್ಮದಿ ಸಿಗುವುದಾದರೆ ದಂಡವೇನೂ ಅಲ್ಲ. ಕಾಗದ ತೆಗೆ ಎನ್ನುವುದಂತೂ ನಿನ್ನ ಹಳೆಯ ಸಂಕೋಚ. ಬಹುಮಾನ ಬಂದ ದಿನ ಶಾಲೆಯಿಂದ ಹಿಂಬಾಗಿಲಲ್ಲಿ ಓಡಿ ಬಂದವನಲ್ಲವೇ ನೀನು. ಅದು ಅಲ್ಲೇ ಇರುತ್ತದೆ.

ಅದಿರಲಿ. ಇವತ್ತು ಬರೆಯುತ್ತಿರುವುದು ಬೇರೆ ಸಂಕಟಕ್ಕೆ. ವಾರ್ಡಿನಲ್ಲಿ ಎದೆ ಕೆಮ್ಮು ಹರಡಿದೆ. ಕಾಲು ಮುರಿದುಕೊಂಡು ಬಂದ ಮಗುವಿಗೆ ಕೆಮ್ಮು, ಹೊಟ್ಟೆನೋವೆಂದು ಬಂದ ಮಗುವಿಗೆ ಕೆಮ್ಮು. ಹತ್ತು ದಿನದಲ್ಲಿ ಆರು ಮಕ್ಕಳು. ಅವರೆಲ್ಲ ಬೇರೆ ಕಾಯಿಲೆಗೆ ಬಂದವರು, ಇದನ್ನು ನಮ್ಮಲ್ಲೇ ಅಂಟಿಸಿಕೊಂಡವರು. ಕಿಟಕಿಯ ಪಕ್ಕದ ತೊಟ್ಟಿಲಿನ ಹೆಣ್ಣು ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿಲ್ಲ, ಆಕ್ಸಿಜನ್ ಹಾಕಿದ್ದಾರೆ. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತದೆ. ಅದರ ತಾಯಿ ತೊಟ್ಟಿಲ ಕಂಬಿಗೆ ಕೆನ್ನೆ ಒತ್ತಿಕೊಂಡು ಕೂತಿರುತ್ತಾಳೆ. ಆ ಕಂಬಿಯನ್ನು ದಿನಕ್ಕೆ ನಾಲ್ಕು ಸಲ ಒರೆಸುವುದು ನಾವು.

ಹೆಡ್ ನರ್ಸಮ್ಮ ನನ್ನನ್ನು ಕರೆದು, "ನಿಮ್ಮ ಔಷಧಿ ಕೆಲಸ ಮಾಡ್ತಿದೆಯಾ?" ಎಂದು ಕೇಳಿದರು. ಮಾಡದೇ ಇರುತ್ತದೆಯೇ? ಔಷಧಿಯೂ ಇದೆ, ಮೇಲೆ ಸೋಪೂ ಇದೆ. ಎರಡೆರಡು ಕಾವಲಿದ್ದೂ ಕಳ್ಳ ಹೇಗೆ ಬಂದ? ಕ್ಯಾನೇ ನಕಲಿಯಿರಬಹುದೇ? ತಡಮಾಡದೆ ಬರೆ. ಸಾಧ್ಯವಾದರೆ ಫೋನನ್ನೇ ಮಾಡು.

ನಿನ್ನ ಅಕ್ಕ

*

ಮಾರ್ಚ್ 11

ಅಕ್ಕ,

ಮಕ್ಕಳ ವಿಷಯ ಓದಿ ತುಂಬಾ ಬೇಸರವಾಯಿತು. ಫೋನು ಮಾಡಬೇಕೆಂದುಕೊಂಡೆ, ಆಗಲಿಲ್ಲ.

ಇಂಥ ಕೆಮ್ಮು ಒಬ್ಬರಿಂದೊಬ್ಬರಿಗೆ ಹರಡಲು ನೂರು ದಾರಿಗಳಿವೆ. ಸೀನಿನಿಂದ ಬರಬಹುದು, ನೋಡಲು ಬಂದವರಿಂದ ಬರಬಹುದು. ಕ್ಯಾನು ನಕಲಿಯಿರಲಾರದು. ಔಷಧಿಯ ಅಳತೆ ಸರಿಯಿದೆಯೇ ಎಂದು ಒಮ್ಮೆ ನೋಡಿ. ಅಳತೆ ಕಡಿಮೆಯಾದರೆ ಇಂಥವು ಕೆಲಸ ಮಾಡುವುದಿಲ್ಲ. ಸುರಿಯುವವರು ಯಾರು, ಮುಚ್ಚಳ ಪೂರ್ತಿ ತುಂಬುತ್ತಾರೆಯೇ, ಗಮನಿಸಿ. ಪುಡಿ ನಿಲ್ಲಿಸಿದ್ದೀಯೆಂದುಕೊಂಡಿದ್ದೇನೆ.

ತಮ್ಮ

*

ಮಾರ್ಚ್ 21

ತಮ್ಮಯ್ಯಾ,



ನಿನ್ನ ಕಾಗದ ಬಂದ ದಿನವೇ ಸೂಪರಿಂಟೆಂಡೆಂಟರು ಸಭೆ ಕರೆದಿದ್ದರು. ಕಾರಣ ಏನಿರಬಹುದೆಂದು ಎಲ್ಲರನ್ನೂ ಕೇಳಿದರು. ನಾನು ಎದ್ದುನಿಂತು, "ನನ್ನ ತಮ್ಮ ಇದನ್ನೇ ಓದಿದವ್ನು ಸಾರ್, ಅಳತೆ ಕಮ್ಮಿಯಾಗಿರಬಹುದು ಅಂತಾನೆ" ಎಂದೆ. ಬಾಯಿಂದ ಬಿದ್ದ ಮೇಲೆ ಮಾತನ್ನು ಎತ್ತಿಕೊಳ್ಳಲು ಆಗುತ್ತದೆಯೇ? ಸುರಿಯುವವರು ಯಾರು ಎಂದು ಕೇಳಿದರು. ಎಲ್ಲರ ಕಣ್ಣೂ ಮೀಸೆಯಣ್ಣನ ಮೇಲೆ ಹೋಯಿತು.

ಅವರು ನಕ್ಕರು, ತಮಾಷೆ ಎಂದುಕೊಂಡರು ಪಾಪ. "ಎರಡೂವರೆ ಹಾಕ್ತೀನಿ ಸಾರ್. ಎಣಿಸೋದು ಬೀದಿಗೆಲ್ಲ ಕೇಳುತ್ತೆ" ಎಂದರು. ಲೆಕ್ಕ ಬರೆದಿಟ್ಟಿದ್ದೀರಾ ಎಂದು ಕೇಳಿದರು. ಅಕ್ಷರ ಬಾರದವರು ಏನು ಬರೆದಿಡುತ್ತಾರೆ? ಯಾರಾದರೂ ನೋಡಿದ್ದೀರಾ ಎಂದಾಗ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನೀನೇ ಅಳತೆ ಎಂದು ಬರೆದಿದ್ದೆಯಲ್ಲ, ಎಲ್ಲಿಯೋ ಒಂದು ದಿನ ತಪ್ಪಿರಬಹುದೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿಬಿಟ್ಟಿತು. ದಿನಾ ಎರಡು ಹೊತ್ತು ಪಕ್ಕದಲ್ಲೇ ನಿಂತು ಕೇಳಿದವಳು ನಾನು.

ಅವರನ್ನು ಮನೆಗೆ ಕಳಿಸಿದರು. ಇಪ್ಪತ್ತೆಂಟು ವರ್ಷದ ಕೆಲಸಕ್ಕೆ, ನಾಲ್ಕು ತಿಂಗಳು ಉಳಿದಿರುವಾಗ, ಕೆಲಸಗಳ್ಳ ಎಂಬ ಹೆಸರು ಅಂಟಿಸಿ ಕಳಿಸಿದರು. ಹೋಗುವಾಗ ಆ ಅಳತೆಯ ಮುಚ್ಚಳವನ್ನು ತೊಳೆದು, ಒರೆಸಿ, ನನ್ನ ಮೇಜಿನ ಮೇಲಿಟ್ಟರು.

ಇನ್ನು ಮುಂದೆ ನಾನೇ ಸುರಿಯುತ್ತೇನೆ. ಮುಚ್ಚಳ ಅಂಚಿನವರೆಗೆ ತುಂಬಿ ಎರಡೂವರೆ. ಪುಡಿಯನ್ನು ಸ್ವಲ್ಪ ಹೆಚ್ಚೇ ಮಾಡಿದ್ದೇನೆ. ಕಿಟಕಿಯ ಪಕ್ಕದ ಮಗುವಿಗೆ ಇಂದಿಗೂ ಆಕ್ಸಿಜನ್ ತೆಗೆದಿಲ್ಲ.

ನಾನು ಮಾಡಿದ್ದು ಸರಿಯೇ? ಹೇಳು.

ಅಕ್ಕ

*

ಏಪ್ರಿಲ್ 14

ತಮ್ಮಯ್ಯಾ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಮೈಗೆ ಹುಷಾರಿಲ್ಲವೇ?

ಈ ಕಾಗದವನ್ನು ಯಾರಿಗೂ ತೋರಿಸಬೇಡ. ನಾನೇ ಕೈಯಾರೆ ಅಳೆದು ಸುರಿದರೂ ಮತ್ತೆ ಎರಡು ಮಕ್ಕಳಿಗೆ ಕೆಮ್ಮು ಹತ್ತಿತು. ಹಾಗಾದರೆ ತಪ್ಪು ಅಳತೆಯದಲ್ಲ ಎಂದಾಯಿತು. ಎರಡು ಗಾಜಿನ ಜಾಡಿ ತೊಳೆದು ನೀರು, ಔಷಧಿ ಹಾಕಿದೆ. ಒಂದಕ್ಕೆ ಮಾತ್ರ ಪುಡಿ. ಪುಡಿಯಿಲ್ಲದ್ದು ತಿಳಿಯಾಗಿಯೇ ಇತ್ತು. ಪುಡಿ ಬಿದ್ದದ್ದು ಬೆಳ್ಳಗಾಯಿತು, ಊಟ ಮುಗಿಸಿ ಬರುವಷ್ಟರಲ್ಲಿ ತಳದಲ್ಲಿ ಒಡೆದ ಹಾಲಿನ ಹಾಗೆ ಚೂರು ಚೂರು ಕೂತಿತ್ತು. ಕ್ಯಾನನ್ನು ತಿರುಗಿಸಿ ತಿರುಗಿಸಿ ನೋಡಿದೆ. ಸಾಮಾನಿನ ಕೋಣೆಯವರು ತಮ್ಮ ನಂಬರಿನ ಚೀಟಿಯನ್ನು ಮೇಲೆ ಅಂಟಿಸಿದ್ದರು, ಅದನ್ನು ಉಗುರಿನಿಂದ ಕಿತ್ತೆ. ಕೆಳಗೆ ಇರುವೆ ಸಾಲಿನಂಥ ಅಕ್ಷರ: ಸೋಪು, ಸೋಪಿನ ಪುಡಿಯೊಂದಿಗೆ ಬೆರೆಸಬಾರದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳು ನಾನು. ಬಕೆಟ್ಟಿನಲ್ಲಿ ಕಂಡ ಬಿಳಿಯನ್ನು ನಂಬಿಬಿಟ್ಟೆ.

ಪುಡಿ ನಿಲ್ಲಿಸಿದ್ದೇನೆ. ನಿನ್ನ ಕಾಗದವನ್ನು ಗೋಡೆಯಿಂದ ತೆಗೆದು ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ನಿನಗೂ ಗೊತ್ತಿರಲಿಲ್ಲ, ಪಾಪ. ಹೊಸ ಔಷಧಿ, ಯಾರಿಗೆ ಗೊತ್ತಿರುತ್ತದೆ? ಆದರೆ ಜನ ಬಿಡುತ್ತಾರೆಯೇ? ಇಂಥವನು ಹೇಳಿದ ಎಂದು ನಿನ್ನ ಕಂಪನಿಗೆ ಬರೆದರೆ ನಿನ್ನ ಗತಿಯೇನು? ನಿನ್ನ ಹೆಸರು ಹೊರಗೆ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಅದಕ್ಕೇ ಯಾರಿಗೂ ಏನೂ ಹೇಳಿಲ್ಲ.

ಮೀಸೆಯಣ್ಣನ ಮನೆಯ ಬೀದಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಬಸ್ಸಿಗೆ ಸುತ್ತು ಬಳಸಿ ಹೋಗುತ್ತೇನೆ.

ಅಕ್ಕ

*

ಏಪ್ರಿಲ್ 22

ಅಕ್ಕ,

ಗೊತ್ತಿತ್ತು.

ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಮತ್ತೆ ಸುತ್ತಿ ಬಳಸಿ ಎಲ್ಲಿಗೋ ಹೋಗುತ್ತೇನೆ. ನನಗೆ ಗೊತ್ತಿತ್ತು ಅಕ್ಕ. ಕ್ಯಾನಿನ ಔಷಧಿಗೆ ಸೋಪು ಬೆರೆಸಬಾರದು ಎನ್ನುವುದು ನಮ್ಮ ಲ್ಯಾಬಿಗೆ ಹೊಸದಾಗಿ ಬಂದವರಿಗೆ ಮೊದಲ ದಿನವೇ ಹೇಳುವ ಮಾತು. ಆ ಔಷಧಿ ಸೋಪಿನ ದಾಯಾದಿ. ಅದಕ್ಕೂ ಒಂದು ತಲೆ, ಒಂದು ಬಾಲ, ಅದೂ ವೈರಸ್ಸಿನ ಹೊದಿಕೆ ಹರಿಯುವಂಥದ್ದೇ. ಆದರೆ ಸೋಪಿನ ತಲೆಯಲ್ಲಿ ಋಣ ವಿದ್ಯುತ್ತು, ಅದರ ತಲೆಯಲ್ಲಿ ಧನ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಒಂದನ್ನೊಂದು ತಬ್ಬಿಕೊಂಡು ತಳಕ್ಕೆ ಕೂರುತ್ತವೆ. ವೈರಸ್ಸನ್ನು ಹಿಡಿಯಲು ಯಾರೂ ಉಳಿಯುವುದಿಲ್ಲ. ಮಿಕ್ಕ ಒಂದಿಷ್ಟು ಸೋಪಿಗೆ, ಬಟ್ಟೆಯಲ್ಲಿ ಒರೆಸಿ ಮುಂದೆ ಹೋಗುವಷ್ಟರಲ್ಲಿ ಕೆಲಸ ಮಾಡುವ ಬಲವೂ ಇಲ್ಲ, ಹೊತ್ತೂ ಇಲ್ಲ. ನೀನು ಜಾಡಿಯಲ್ಲಿ ಕಂಡ ಚೂರುಗಳು ಅವೇ.

ನೀನು ಜನವರಿಯಲ್ಲಿ ಕೇಳಿದ್ದೆ. ನಾನು ನೋಡಲಿಲ್ಲ. ನಿನ್ನ ಕಾಗದವನ್ನು ಸಭೆಗೆ ಹೋಗುವ ಮೊದಲು ಲಿಫ್ಟಿನಲ್ಲಿ ನಿಂತು ಓದಿದೆ, ಹಾಳೆಯ ಮುಂಬದಿ ಮಾತ್ರ. ತಿರುಗಿಸಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರಿಗಿಂತ ಕಡೆ ನಾನು. ಧಾರಾಳವಾಗಿ ಎಂದು ಬರೆದದ್ದು ಕೈ ತೊಳೆಯುವುದಕ್ಕೆ. ಫೆಬ್ರವರಿಯಲ್ಲಿ ನಿನ್ನ ಬಕೆಟ್ಟಿನ ವಿಷಯ ಓದಿ, ಹಳೆಯ ಕಾಗದ ಹುಡುಕಿ ಹಾಳೆಯ ಹಿಂಬದಿ ನೋಡಿದೆ. ಪುಡಿಯ ಪ್ರಶ್ನೆ ಅಲ್ಲಿತ್ತು.

ಅವತ್ತೇ ಫೋನು ಮಾಡಿ "ನಿಲ್ಲಿಸು ಅಕ್ಕ, ನಾನು ಸರಿಯಾಗಿ ಓದಲಿಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಒಂದು ನಿಮಿಷದ ಮಾತು. ಆದರೆ ನೀನು ಗೋಡೆಗೆ ಸಿಕ್ಕಿಸಿದ್ದೆ, ಸೋಪಿನ ಡಾಕ್ಟ್ರು ಎಂದಿದ್ದೆ, ಹೆಮ್ಮೆ ಎಂದಿದ್ದೆ. ಅಲ್ಲಿಂದ ಇಳಿಯಲು ಮನಸ್ಸಾಗಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ "ಪುಡಿ ದಂಡ" ಎಂದು ಬರೆದೆ. ನೀನು ನಿಲ್ಲಿಸಲಿಲ್ಲ ಎಂದು ತಿಳಿದ ಮೇಲೂ, ಮಕ್ಕಳು ಮಲಗಿದರು ಎಂದು ತಿಳಿದ ಮೇಲೂ, ಅಳತೆ ನೋಡಿ, ಸುರಿಯುವವರು ಯಾರು ಎಂದು ಬರೆದೆ. ನನ್ನ ಬದಲಿಗೆ ಬೇರೆ ಯಾರದಾದರೂ ಕೈ ಸಿಗಲಿ ಎಂದೇ ಬರೆದೆ. ಅದಕ್ಕೆ ಬೇರೆ ಅರ್ಥವಿಲ್ಲ. ಮೀಸೆಯಣ್ಣನನ್ನು ನಾನು ಕಣ್ಣಿನಲ್ಲೂ ಕಂಡಿಲ್ಲ.

ಕೆಮ್ಮು ಹರಡಲು ನೂರು ದಾರಿಯಿದೆ ಎಂದದ್ದು ಸುಳ್ಳಲ್ಲ. ಎಲ್ಲ ಮಕ್ಕಳಿಗೂ ಬಕೆಟ್ಟಿನಿಂದಲೇ ಬಂತು ಎಂದು ಯಾರೂ ಸಾಧಿಸಲಾರರು. ಈ ಮಾತಿನ ಹಿಂದೆ ಅಡಗಿ ಕೂರಬಹುದು ಎಂದು ಮೂರು ವಾರ ಯೋಚಿಸಿದೆ. ನೀನು "ನಿನಗೂ ಗೊತ್ತಿರಲಿಲ್ಲ, ಪಾಪ" ಎಂದು ಬರೆದೆಯಲ್ಲ, ಆ ಪಾಪ ಎನ್ನುವ ಮಾತನ್ನು ನುಂಗಲಾಗಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಗಿದೆ.

ಸೂಪರಿಂಟೆಂಡೆಂಟರಿಗೆ ಬೇರೆ ಕಾಗದ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಹೆಸರು, ಕಂಪನಿ, ಕೆಲಸ ಎಲ್ಲವೂ ಅದರಲ್ಲಿದೆ. ಇಲ್ಲಿ ನನ್ನ ಮೇಲಿನವರಿಗೂ ಹೇಳಿದ್ದೇನೆ. ನನ್ನ ಹೆಸರನ್ನು ಪೆಟ್ಟಿಗೆಯ ತಳದಿಂದ ತೆಗೆ. ಮೀಸೆಯಣ್ಣನಿಗೆ ನನ್ನ ಪರವಾಗಿ ಇದನ್ನು ಓದಿ ಹೇಳು, ನನ್ನ ಪರವಾಗಿ ಕ್ಷಮೆ ಕೇಳು.

ತಮ್ಮ

*

ಮೇ 6

ನಿನಗೆ,

ಏನೆಂದು ಕರೆಯಲಿ ಎಂದು ತಿಳಿಯದೆ ಎರಡು ಹಾಳೆ ಹರಿದೆ. ಬೈಗುಳ ಬರೆದದ್ದು ಒಂದು, ಬರೀ ಅತ್ತದ್ದು ಇನ್ನೊಂದು.

ನಿನ್ನ ಮೇಲೆ ಕೋಪ ಬಂತು, ಇಲ್ಲವೆನ್ನುವುದಿಲ್ಲ. ಎದುರಿಗಿದ್ದಿದ್ದರೆ ಕೆನ್ನೆಗೆ ಎರಡು ಬಿಡುತ್ತಿದ್ದೆ. ಆದರೆ ಬಿಡುವ ಕೈ ಯಾವುದು? ಅರ್ಧ ಹಿಡಿ ಪುಡಿ ಹಾಕಿದ್ದೂ ಅದೇ, ನಿನ್ನ ಕಾಗದ ಬಚ್ಚಿಟ್ಟದ್ದೂ ಅದೇ. ನೀನು ನನ್ನ ಹೆಮ್ಮೆ ಉಳಿಸಲು ಸುಮ್ಮನಿದ್ದೆ, ನಾನು ನಿನ್ನ ಹೆಸರು ಉಳಿಸಲು ಸುಮ್ಮನಿದ್ದೆ. ಅಕ್ಕ ತಮ್ಮ ಒಬ್ಬರನ್ನೊಬ್ಬರು ತಬ್ಬಿಕೊಂಡು ತಳಕ್ಕೆ ಕೂತೆವು, ಹೊರಗಿನವರೊಬ್ಬರು ಬೀದಿಗೆ ಬಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಸೂಪರಿಂಟೆಂಡೆಂಟರ ಮುಂದೆ ನಿನ್ನ ಎರಡೂ ಕಾಗದಗಳನ್ನು ಇಟ್ಟೆ. ನನ್ನ ಬಾಯಿಯಿಂದಲೂ ಹೇಳಿದೆ. ನೀಲಿ ಕೋಟು ಹೋಯಿತು, ಮಡಿಸಿ ಮೇಜಿನ ಮೇಲಿಟ್ಟು ಬಂದೆ. ಈಗ ಮತ್ತೆ ಬೂದು ಕೋಟು, ಮತ್ತೆ ನೆಲ. ಮೀಸೆಯಣ್ಣನಿಗೆ ಕೆಲಸ ವಾಪಸ್ಸು ಕೊಡುತ್ತೇವೆ, ಮನೆಗೆ ಹೋಗಿ ಕರೆದು ಬನ್ನಿ ಎಂದರು. ಯಾರು ಹೋಗುವುದು? ನಾನೇ.

ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ. ಬಾಗಿಲು ತೆಗೆದವರು ಯಾರೆಂದು ಗುರುತು ಸಿಗಲಿಲ್ಲ. ಅವರ ಅಣ್ಣನೋ ಎಂದುಕೊಂಡೆ. ಮೀಸೆ ಬೋಳಿಸಿಬಿಟ್ಟಿದ್ದಾರೆ ಕಣೋ. ಮೇಲ್ತುಟಿ ಬೆಳ್ಳಗೆ, ಎಳೆ ಮಗುವಿನದರ ಹಾಗೆ ಇತ್ತು. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಸರಿಯಾಗೇ ಎಣಿಸಿದ್ದೆ ತಾಯಿ" ಎಂದರು. ಅಷ್ಟೇ. "ಗೊತ್ತು ಮೀಸೆಯಣ್ಣ" ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಇನ್ನು ಹಾಗೆ ಕರೆಯುವುದು ಹೇಗೆ? ಎಲ್ಲ ಹೇಳಿದೆ. ಆಮೇಲೆ ನಿನ್ನ ಕಾಗದ ತೆಗೆದು ಓದಲು ಹೊರಟೆ. ಅವರು ಕೈ ಅಡ್ಡ ಹಿಡಿದರು.

"ನೀನು ಓದ್ಬೇಡ. ಹೋದ್ಸಲನೂ ಅವನ ಕಾಗದ ನೀನೇ ಓದಿದ್ದು. ಬರೆದೋನು ಬಂದು ಓದ್ಲಿ. ನನಗೆ ಅಕ್ಷರ ಬರಲ್ಲ, ಮುಖ ಓದೋಕೆ ಬರುತ್ತೆ" ಎಂದರು.

ಕೆಲಸಕ್ಕೆ ಬಂದಿದ್ದಾರೆ. ಬಕೆಟ್ಟಿನಲ್ಲಿ ಪುಡಿಯಿಲ್ಲ, ನೊರೆಯಿಲ್ಲ. ತಾಯಂದಿರು ಕೇಳಿದರೆ ನಿಂತು ವಿವರಿಸುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಅವರು ಔಷಧಿಯನ್ನು ಮೊದಲಿನ ಹಾಗೆಯೇ ಸುರಿಯುತ್ತಾರೆ, ಆದರೆ ಈಗ ಗಟ್ಟಿಯಾಗಿ ಎಣಿಸುವುದಿಲ್ಲ. ತುಟಿ ಮಾತ್ರ ಅಲ್ಲಾಡುತ್ತದೆ. ಅದನ್ನು ನೋಡಲಾಗದೆ ನಾನು ಕಾರಿಡಾರಿನ ಆ ತುದಿಗೆ ಹೋಗಿಬಿಡುತ್ತೇನೆ.

ನನ್ನ ಪರವಾಗಿ ಕ್ಷಮೆ ಕೇಳು ಎಂದು ಬರೆದಿದ್ದೀ. ಕೇಳುವುದಿಲ್ಲ. ನನ್ನದನ್ನು ನಾನು ಕೇಳಿದ್ದೇನೆ, ಅವರು ಇನ್ನೂ ಉತ್ತರ ಕೊಟ್ಟಿಲ್ಲ. ನಿನ್ನದು ನಿನ್ನ ಬಾಯಿಂದಲೇ ಬರಬೇಕು. ಆ ಮೊಳೆ ಖಾಲಿಯಿತ್ತು, ನಿನ್ನ ಈ ಕಾಗದವನ್ನು ಅದಕ್ಕೇ ಸಿಕ್ಕಿಸಿದ್ದೇನೆ. ಹದಿನೆಂಟನೆಯ ತಾರೀಖು ಬೆಳಗಿನ ಪಾಳಿ, ಎಲ್ಲರೂ ಇರುತ್ತಾರೆ. ಬಂದು, ನಿಂತು, ಓದು. ಮೊದಲ ಸಾಲಿನಿಂದಲೇ ಓದು. ಜಾಗ ಮುಗಿಯಿತು.

ತಿರುಗಿಸಿದೆಯಾ? ಸದ್ಯ.

ಕಿಟಕಿಯ ಪಕ್ಕದ ಮಗು ಮೊನ್ನೆ ಮನೆಗೆ ಹೋಯಿತು. ಆಕ್ಸಿಜನ್ ತೆಗೆದು ಬಹಳ ದಿನವಾಯಿತು, ನಿನಗೆ ಬರೆಯುವ ಮನಸ್ಸಿರಲಿಲ್ಲ. ಹೋಗುವಾಗ ಅದರ ತಾಯಿ ನಮ್ಮೆಲ್ಲರ ಕೈ ಹಿಡಿದು, "ಚೆನ್ನಾಗಿ ನೋಡ್ಕೊಂಡ್ರಿ" ಎಂದಳು. ನನ್ನ ಕೈಯನ್ನೂ ಹಿಡಿದಳು. ನಾನು ಅವಳಿಗೆ ನಿಜ ಹೇಳಿದೆ. ಅವಳು ಕೈ ಬಿಟ್ಟಳು, ಮಗುವನ್ನು ಎತ್ತಿಕೊಂಡು ಹೊರಟುಹೋದಳು.

ಮೀಸೆ ಮತ್ತೆ ಚಿಗುರುತ್ತಿದೆ. ನೀನು ಬರುವ ಹೊತ್ತಿಗೆ ಅರ್ಧ ಬಂದಿರುತ್ತದೆ.

ಬಸ್ಸು ಇಳಿದವನೇ ಆಸ್ಪತ್ರೆಗೆ ಬಾ. ಅಡುಗೆ ಮಾಡಿಟ್ಟು ಬಂದಿರುತ್ತೇನೆ. ಮನೆಗೆ ಆಮೇಲೆ ಇಬ್ಬರೂ ಹೋಗೋಣ.

ನಿನ್ನ ಅಕ್ಕ